ಮನೆಯಲ್ಲೇ ಮಾಡಿದ ‘ಕ್ಯಾಸೆಟ್’: ಹಳೇ ಟಿವಿ ಗೇಮಿಗೆ ಹೊಸ ಚೌಕಾಬಾರ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತುಸು ತಿದ್ದಲಾಗಿದೆ.)



ಮೊದಲಿಗೆ ಒಂದು ಪ್ರಶ್ನೆ. ಟಿವಿ ಗೇಮಿನ ಕ್ಯಾಸೆಟ್ಟನ್ನ ಬಾಯಿಂದ ಊದಿದ್ದೀರಾ? ತೊಂಬತ್ತರ ದಶಕದಲ್ಲಿ ಬೆಳೆದವರಾದರೆ ಊದೇ ಇರ್ತೀರಿ. ಆಟ ಶುರುವಾಗಲಿಲ್ಲ, ಪರದೆ ಮೇಲೆ ಬರೀ ಗೀಟುಗಳು ಬಂದವು ಅಂದ್ರೆ ಕ್ಯಾಸೆಟ್ ಕೀಳೋದು, ‘ಫೂ’ ಅಂತ ಊದೋದು, ಮತ್ತೆ ಹಾಕೋದು. ಬಹಳ ಸಲ ಅದು ಕೆಲಸಾನೂ ಮಾಡ್ತಿತ್ತು. ಆದರೆ ಕೆಲಸ ಮಾಡಿದ್ದು ನಮ್ಮ ಉಸಿರಲ್ಲ. ಕಿತ್ತು ಮತ್ತೆ ಹಾಕಿದಾಗ ಲೋಹದ ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ಸರಿಯಾಗಿ ಕೂರ್ತಿದ್ದವು, ಅಷ್ಟೇ. ಉಸಿರಿನ ತೇವದಿಂದ ಆ ಪಟ್ಟಿಗಳಿಗೆ ಕಿಲುಬು ಹಿಡಿಯೋದೇ ಹೆಚ್ಚು.

ಇವತ್ತು ಹೇಳೋಕೆ ಹೊರಟಿರೋದು ಆ ಲೋಹದ ಪಟ್ಟಿಗಳ ವಿಷಯ. ಒಟ್ಟು 60 ಪಟ್ಟಿ, ಎರಡು ಚಿಪ್ಪು, ಒಂದು ಸಣ್ಣ ಬೋರ್ಡು. ಇಷ್ಟಿದ್ರೆ ನಲವತ್ತು ವರ್ಷ ಹಳೇ ವಿನ್ಯಾಸದ ಯಂತ್ರಕ್ಕೆ ನೀವೇ ಹೊಸ ಆಟ ಮಾಡಬಹುದು. ನಾನು ಮಾಡಿದೆ. ಮಾಡಿದ್ದಕ್ಕೆ ಒಂದು ಕಾರಣವೂ ಇತ್ತು. ಅದು ನಮ್ಮ ಅಕ್ಕ.

ಎರಡನೇ ರಿಮೋಟು

ಮೂಲ ಯಂತ್ರದ ಹೆಸರು ಫ್ಯಾಮಿಕಾಮ್. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಮಾರುಕಟ್ಟೆಗೆ ಬಿಟ್ಟಿದ್ದು. ವಿನ್ಯಾಸದ ಮುಂದಾಳು ಮಸಾಯುಕಿ ಉಯೆಮುರಾ. ಅಮೆರಿಕಕ್ಕೆ 1985ರಲ್ಲಿ ಎನ್‌ಇಎಸ್ ಅನ್ನೋ ಹೆಸರಲ್ಲಿ, ಬೇರೆ ಆಕಾರದಲ್ಲಿ ಹೋಯ್ತು. ನಮ್ಮಲ್ಲಿಗೆ ಬಂದದ್ದು ಹೆಚ್ಚಾಗಿ ಅದರ ನಕಲುಗಳು. ಸಮುರಾಯ್, ಲಿಟಲ್ ಮಾಸ್ಟರ್, ಹೀಗೆ ಹತ್ತಾರು ಹೆಸರು. ಒಳಗಿನ ಜೀವ ಮಾತ್ರ ಅದೇ ಫ್ಯಾಮಿಕಾಮ್. ಕಾರ್ಟ್ರಿಜ್ ಅನ್ನೋದು ಸರಿಯಾದ ಹೆಸರು. ನಾವೆಲ್ಲ ಕ್ಯಾಸೆಟ್ ಅಂತಿದ್ವಿ. ಮೇಲೆ ‘9999999 ಇನ್ 1’ ಅಂತ ಬರೆದಿರೋದು, ಒಳಗೆ ನೋಡಿದ್ರೆ ಬೆರಳೆಣಿಕೆಯಷ್ಟು ಆಟಗಳೇ ಬೇರೆ ಬೇರೆ ಹೆಸರಲ್ಲಿ ಸುತ್ತಿ ಸುತ್ತಿ ಬರೋವು.

ಅರಸೀಕೆರೆಯ ನಮ್ಮ ಮನೆಗೂ ಅಂಥದ್ದೊಂದು ಬಂತು. ಎರಡು ರಿಮೋಟು. ಒಂದನೇದು ನಂದು, ಎರಡನೇದು ಅಕ್ಕಂದು. ಹಾಗಂತ ಯಾರೂ ತೀರ್ಮಾನ ಮಾಡಿರಲಿಲ್ಲ, ನಾನೇ ಮಾಡ್ಕೊಂಡಿದ್ದೆ. ಮಾರಿಯೋ ಆಟದಲ್ಲಿ ಮೊದಲನೆಯವನು ಸಾಯೋವರೆಗೂ ಎರಡನೆಯವರು ಕಾಯಬೇಕು. ಅಕ್ಕ ಕಾಯ್ತಿದ್ಲು. ಇನ್ನೊಂದು ವಿಷಯ ಇದೆ. ಜಪಾನಿನ ಮೂಲ ಫ್ಯಾಮಿಕಾಮಿನಲ್ಲಿ ಎರಡನೇ ರಿಮೋಟಿಗೆ ಸ್ಟಾರ್ಟ್ ಮತ್ತು ಸೆಲೆಕ್ಟ್ ಗುಂಡಿಗಳೇ ಇರಲಿಲ್ಲ. ನಮ್ಮ ನಕಲು ಯಂತ್ರದಲ್ಲೂ ಇಲ್ಲ. ಅಂದ್ರೆ ಆಟ ಶುರು ಮಾಡೋಕೂ ಅವಳು ನನ್ನನ್ನೇ ಕೇಳಬೇಕಿತ್ತು.

ಹೋದ ವರ್ಷ ಅಮ್ಮ ಅಟ್ಟ ಖಾಲಿ ಮಾಡಿಸುವಾಗ ಆ ಯಂತ್ರ ಸಿಕ್ತು. ಧೂಳು ಒರೆಸಿ ಟಿವಿಗೆ ಹಾಕಿದೆ. ಓಡ್ತು! ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬರೋಳಿದ್ಲು. ಮೂರು ತಿಂಗಳು ಸಮಯ ಇತ್ತು. ಅವಳಿಗೆ ಇಷ್ಟವಾದ ಆಟ ಒಂದೇ, ಚೌಕಾಬಾರ. ಅಜ್ಜಿ ಜೊತೆ ಜಗಲಿ ಮೇಲೆ ಕೂತು, ಹುಣಸೆಬೀಜ, ಬಳೆಚೂರು ಇಟ್ಕೊಂಡು ಆಡಿ ಆಡಿ ನನ್ನನ್ನು ಸೋಲಿಸಿದ್ದ ಆಟ. ಅದನ್ನೇ ಈ ಯಂತ್ರಕ್ಕೆ ತರೋಣ ಅಂತ ಕೂತೆ.

ಕ್ಯಾಸೆಟ್ ಅಲ್ಲ, ಕಂಪ್ಯೂಟರಿನ ಇನ್ನರ್ಧ

ಕೆಲಸಕ್ಕೆ ಇಳಿಯೋ ಮುಂಚೆ ನನ್ನ ತಲೆಯಲ್ಲಿದ್ದ ತಪ್ಪು ಕಲ್ಪನೆ ಹೇಳ್ತೀನಿ. ಕಾರ್ಟ್ರಿಜ್ ಅಂದ್ರೆ ಪೆನ್‌ಡ್ರೈವ್ ಇದ್ದ ಹಾಗೆ, ಯಂತ್ರ ಅದರಿಂದ ಆಟವನ್ನ ತನ್ನೊಳಗೆ ನಕಲು ಮಾಡ್ಕೊಳ್ಳುತ್ತೆ ಅಂತ ಅಂದ್ಕೊಂಡಿದ್ದೆ. ಹಾಗಲ್ಲ. ಈ ಯಂತ್ರದ ಕೆಲಸದ ಮೆಮೊರಿ ಬರೀ 2 ಕೆಬಿ, ಚಿತ್ರಕ್ಕೆ ಇನ್ನೊಂದು 2 ಕೆಬಿ. ಅಷ್ಟರೊಳಗೆ ಆಟ ಹಿಡಿಯೋದಿಲ್ಲ. ಹಾಗಾಗಿ ಯಂತ್ರದ ಪ್ರೊಸೆಸರ್ ಒಂದೊಂದು ಆದೇಶವನ್ನೂ ಆಯಾ ಕ್ಷಣಕ್ಕೆ ಕಾರ್ಟ್ರಿಜ್ಜಿನ ಚಿಪ್ಪಿಂದಲೇ ನೇರವಾಗಿ ಓದುತ್ತೆ. ಕಾರ್ಟ್ರಿಜ್ ಹಾಕಿದಾಗಲೇ ಕಂಪ್ಯೂಟರ್ ಪೂರ್ತಿಯಾಗೋದು.

60 ಪಟ್ಟಿಗಳ ಲೆಕ್ಕ ನೋಡಿದ್ರೆ ಇದು ಅರ್ಥ ಆಗುತ್ತೆ. 27 ಪಟ್ಟಿಗಳು ಪ್ರೊಸೆಸರಿನವು. ಎಷ್ಟನೇ ಜಾಗದಲ್ಲಿ ಏನಿದೆ ಅಂತ ಕೇಳೋಕೆ 15, ಉತ್ತರ ತರೋಕೆ 8, ಉಳಿದವು ಸನ್ನೆ ಮಾಡೋಕೆ. ಇನ್ನೊಂದು 27 ಪಟ್ಟಿಗಳು ಚಿತ್ರ ಬಿಡಿಸುವ ಚಿಪ್ಪಿನವು. ಅದು ಪ್ರೊಸೆಸರನ್ನ ಕೇಳದೇ ತನ್ನ ಪಾಡಿಗೆ ಕಾರ್ಟ್ರಿಜ್ಜಿಂದ ಚಿತ್ರಗಳನ್ನ ಓದ್ಕೊಂಡು ಪರದೆಗೆ ಕಳಿಸ್ತಿರುತ್ತೆ. ಹಾಗಾಗಿಯೇ ಕಾರ್ಟ್ರಿಜ್ಜಿನಲ್ಲಿ ಎರಡು ಚಿಪ್ಪು. ಒಂದು ಆಟದ ನಿಯಮಗಳಿಗೆ, ಇನ್ನೊಂದು ಚಿತ್ರಗಳಿಗೆ. ಉಳಿದ 6 ಪಟ್ಟಿಗಳಲ್ಲಿ ನಾಲ್ಕು ವಿದ್ಯುತ್ತಿಗೆ, ಎರಡು ಸದ್ದಿಗೆ. ಆ ಎರಡನ್ನ ನೆನಪಿಟ್ಕೊಳ್ಳಿ, ಮುಂದೆ ಅವು ನನಗೆ ಒಂದು ರಾತ್ರಿ ನಿದ್ದೆ ಕೆಡಿಸ್ತವೆ.

ಅತ್ಯಂತ ಸರಳ ಕಾರ್ಟ್ರಿಜ್ಜಿನಲ್ಲಿ ನಿಯಮಕ್ಕೆ ಹೆಚ್ಚೆಂದರೆ 32 ಕೆಬಿ, ಚಿತ್ರಕ್ಕೆ 8 ಕೆಬಿ. ಒಟ್ಟು 40. ಇಷ್ಟರಲ್ಲಿ ಏನಾಗುತ್ತೆ ಅಂತೀರಾ? 1985ರ ಸೂಪರ್ ಮಾರಿಯೋ ಬ್ರದರ್ಸ್ ಇದ್ದದ್ದು ಇದೇ 40 ಕೆಬಿಯಲ್ಲಿ. 2019ರಲ್ಲಿ ಜರ್ಮನಿಯ ಒಂದು ಪುಟ್ಟ ತಂಡ ‘ಮೈಕ್ರೊ ಮೇಜಸ್’ ಅಂತ ನಾಲ್ಕು ಜನ ಒಟ್ಟಿಗೆ ಆಡುವ ಹೊಸ ಆಟವನ್ನೂ ಇದೇ 40 ಕೆಬಿಯಲ್ಲಿ ಕೂರಿಸಿತು. ಚೌಕಾಬಾರಕ್ಕೆ ಇದು ಧಾರಾಳ ಆಯ್ತು ಅಂತ ನಾನು ಅಂದ್ಕೊಂಡೆ. ನಿಯಮಗಳಿಗೆ ಧಾರಾಳವೇ. ಕನ್ನಡಕ್ಕೆ ಮಾತ್ರ ಅಲ್ಲ.

ಒತ್ತಕ್ಷರದ ಕಷ್ಟ

ಈ ಯಂತ್ರಕ್ಕೆ ಅಕ್ಷರ ಅಂದ್ರೆ ಏನೂಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಬಿಲ್ಲೆಗಳು. ಒಂದೊಂದು ಬಿಲ್ಲೆ ಅಡ್ಡ 8, ಉದ್ದ 8 ಚುಕ್ಕಿ. ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ ಬಿಲ್ಲೆಗಳನ್ನ ಜೋಡಿಸಿ ಪರದೆ ತುಂಬಿಸುತ್ತೆ. ಒಂದು ಬಿಲ್ಲೆಗೆ 16 ಬೈಟು. 8 ಕೆಬಿಯಲ್ಲಿ 512 ಬಿಲ್ಲೆ, ಅದರಲ್ಲಿ ಸಾಮಾನ್ಯವಾಗಿ ಅರ್ಧ ಹಿನ್ನೆಲೆಗೆ, ಅರ್ಧ ಓಡಾಡುವ ಗೊಂಬೆಗಳಿಗೆ. ಅಂದ್ರೆ ಮನೆ, ಕಟ್ಟೆ, ಗೀಟು, ಅಕ್ಷರ ಎಲ್ಲಕ್ಕೂ ಸೇರಿ ನನ್ನ ಕೈಲಿದ್ದದ್ದು 256 ಬಿಲ್ಲೆ.

ಇಂಗ್ಲಿಷ್ ಅಕ್ಷರ ಒಂದು ಬಿಲ್ಲೆಯಲ್ಲಿ ಆರಾಮಾಗಿ ಕೂರುತ್ತೆ. ನಮ್ಮ ‘ಅ’ವನ್ನ 8 ಚುಕ್ಕಿಯಲ್ಲಿ ಬರೆದು ನೋಡಿ, ಜಿಲೇಬಿ ಆಗುತ್ತೆ. ಓದೋ ಹಾಗಿರಬೇಕಾದ್ರೆ 16ಕ್ಕೆ 16 ಚುಕ್ಕಿ ಬೇಕು, ಅಂದ್ರೆ ನಾಲ್ಕು ಬಿಲ್ಲೆ. ಕೆಳಗೆ ಒತ್ತು ಬಂತೋ, ಇನ್ನೊಂದು ಸಾಲು ಸೇರಿ ಆರು ಬಿಲ್ಲೆ. ಇಡೀ ವರ್ಣಮಾಲೆ, ಕಾಗುಣಿತ ಎಲ್ಲ ಇಡೋದು ಕನಸಿನ ಮಾತು. ಹಾಗಾಗಿ ಆಟದಲ್ಲಿ ಬರೋ ಪದಗಳನ್ನ ಪಟ್ಟಿ ಮಾಡಿ, ಅವುಗಳಿಗೆ ಬೇಕಾದ ಅಕ್ಷರಗಳನ್ನಷ್ಟೇ ಬಿಡಿಸಿದೆ. ಒತ್ತಕ್ಷರ ಇರೋ ಪದಗಳನ್ನ ಕಿತ್ತು ಹಾಕಿದೆ. ‘ಗೆದ್ದಿರಿ’ ಹೋಯ್ತು, ‘ಗೆಲುವು’ ಬಂತು. ‘ನಿಮ್ಮ ಸರದಿ’ ಹೋಗಿ ಬರೀ ‘ಸರದಿ’ ಆಯ್ತು. ‘ಹಣ್ಣು’ ಅನ್ನೋದನ್ನ ಬರೆಯೋ ಬದಲು ಕಾಯಿಯ ಬಣ್ಣವನ್ನೇ ಬದಲಾಯಿಸಿದೆ. ಆಟಗಾರರಿಗೆ ‘ಕೆಂಪು’, ‘ಹಸಿರು’ ಅಂತ ಹೆಸರಿಟ್ಟೆ.

ಎಲ್ಲ ಆದಮೇಲೆ ಪರದೆ ನೋಡಿದೆ. ಕೆಂಪು, ಹಸಿರು. ಯಾರಿಗೋಸ್ಕರ ಮಾಡ್ತಿದ್ದೀನಿ ಇದನ್ನ? ‘ಅಕ್ಕ’ ಅಂತ ಬರೆಯೋಕೆ ಒತ್ತು ಬೇಕೇ ಬೇಕು. ‘ತಮ್ಮ’ ಅನ್ನೋಕೂ ಬೇಕು. ಎರಡು ಪದಕ್ಕೆ 20 ಬಿಲ್ಲೆ, 320 ಬೈಟು. ಅಂಗಳದ ರಂಗೋಲಿ ಬಿಡಿಸೋಕೆ ಅಂತ ಇಟ್ಟಿದ್ದ ಬಿಲ್ಲೆಗಳನ್ನ ತೆಗೆದುಹಾಕಿ ಆ ಜಾಗದಲ್ಲಿ ಅಕ್ಕನನ್ನೂ ತಮ್ಮನನ್ನೂ ಕೂರಿಸಿದೆ.

ಕವಡೆ ಹಾಕೋದು ಹೇಗೆ?

ನಿಯಮಗಳನ್ನ ಬರೆದದ್ದು ಅಸೆಂಬ್ಲಿ ಭಾಷೆಯಲ್ಲಿ. ಯಂತ್ರದ ಪ್ರೊಸೆಸರ್ 6502 ಅನ್ನೋ ವಂಶದ್ದು. ಇದಕ್ಕೆ ಬರೆಯೋಕೆ ಬೇಕಾದ ತಂತ್ರಾಂಶಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗ್ತವೆ, ನಾನು ಬಳಸಿದ್ದು ಸಿಸಿ65. ಬರೆದದ್ದನ್ನ ಪರೀಕ್ಷೆ ಮಾಡೋಕೆ ಮೆಸೆನ್ ಅನ್ನೋ ಎಮ್ಯುಲೇಟರ್. ಹಳೇ ಯಂತ್ರದ ಹಾಗೇ ನಡೆದುಕೊಳ್ಳುವ ತಂತ್ರಾಂಶ ಅದು.

25 ಮನೆಗಳ ಪಟ ಬಿಡಿಸೋದು ಸುಲಭ. ಒಂದೊಂದು ಮನೆ 32 ಚುಕ್ಕಿ ಅಂದ್ರೆ ಐದು ಮನೆಗೆ 160. ಪರದೆ ಅಗಲ 256, ಪಕ್ಕದಲ್ಲಿ ಹೆಸರು ಬರೆಯೋಕೆ ಜಾಗ ಮಿಕ್ಕುತ್ತೆ. ಕಷ್ಟ ಇದ್ದದ್ದು ಕವಡೆಯಲ್ಲಿ. ಯಂತ್ರಕ್ಕೆ ಅದೃಷ್ಟ ಅನ್ನೋದು ಗೊತ್ತಿಲ್ಲ. ಒಂದೇ ಪ್ರಶ್ನೆಗೆ ಯಾವಾಗಲೂ ಒಂದೇ ಉತ್ತರ ಕೊಡುತ್ತೆ. ಹಾಗಾಗಿ ಒಂದು ಉಪಾಯ. ಆಡೋರು ಗುಂಡಿ ಒತ್ತೋವರೆಗೂ ಯಂತ್ರ ಸುಮ್ಮನೆ ಎಣಿಸ್ತಾ ಇರುತ್ತೆ, ಸೆಕೆಂಡಿಗೆ ಸಾವಿರಾರು ಸಲ. ಒತ್ತಿದ ಕ್ಷಣ ಎಣಿಕೆ ಎಲ್ಲಿತ್ತೋ ಅದೇ ನಿಮ್ಮ ಅದೃಷ್ಟ. ಅಷ್ಟು ವೇಗದ ಎಣಿಕೆಯನ್ನ ಯಾರ ಬೆರಳೂ ಹಿಡಿಯೋಕಾಗಲ್ಲ. ನಾಲ್ಕು ಕವಡೆಗೆ ಬೀಳಬಹುದಾದದ್ದು ಒಂದು, ಎರಡು, ಮೂರು, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಎಂಟು ಮನೆಯ ಬಾರ. ಐದು ಸಾಧ್ಯತೆ. ಎಣಿಕೆಯನ್ನ ಐದು ಪಾಲು ಮಾಡಿ ಹಂಚಿದೆ. ಇದರಲ್ಲೊಂದು ತಪ್ಪಿತ್ತು. ನಿಮಗೆ ಹೊಳೆದಿರಬಹುದು, ನನಗೆ ಹೊಳೀಲಿಲ್ಲ.

ಚಿಪ್ಪಿಗೆ ಇಳಿಸೋದು

ಚಿಪ್ಪುಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು. ನಿಯಮಕ್ಕೆ 27ಸಿ256, ಅದು 32 ಕೆಬಿ. ಚಿತ್ರಕ್ಕೆ 27ಸಿ64, ಅದು 8 ಕೆಬಿ. ಇವುಗಳ ಬೆನ್ನ ಮೇಲೆ ಗಾಜಿನ ಪುಟ್ಟ ಕಿಟಕಿ ಇರುತ್ತೆ. ಆ ಕಿಟಕಿಗೆ ಅತಿನೇರಳೆ ಬೆಳಕು ಬಿಟ್ರೆ ಬರೆದದ್ದೆಲ್ಲ ಅಳಿಸಿಹೋಗುತ್ತೆ. ಬೆಳಕಿನ ಡಬ್ಬಿಯಲ್ಲಿ ಇಟ್ಟು ಸುಮಾರು 20 ನಿಮಿಷ ಕಾಯಬೇಕು. ಆ ಬೆಳಕನ್ನ ಬರಿಗಣ್ಣಲ್ಲಿ ನೋಡಬಾರದು, ಕಣ್ಣಿಗೆ ಕೆಟ್ಟದ್ದು. ಬರೆದಾದ ಮೇಲೆ ಕಿಟಕಿ ಮೇಲೊಂದು ಸ್ಟಿಕ್ಕರ್ ಅಂಟಿಸಬೇಕು. ಬರೆಯೋಕೆ ಪ್ರೋಗ್ರಾಮರ್ ಅನ್ನೋ ಕೈಯಗಲದ ಸಾಧನ ಇದೆ, ಕಂಪ್ಯೂಟರಿಗೆ ಜೋಡಿಸೋದು. ಇಷ್ಟೆಲ್ಲ ಬೇಡ ಅನ್ನೋರಿಗೆ ಬೆಳಕಿಲ್ಲದೇ ಅಳಿಸಬಹುದಾದ 28ಸಿ256, 28ಸಿ64 ಚಿಪ್ಪುಗಳೂ ಇವೆ.

ಮೊದಲ ಸಲ ಬರೆದು ಹಾಕಿದೆ. ಖಾಲಿ ಪರದೆ. ಎಮ್ಯುಲೇಟರಿನಲ್ಲಿ ಚೆನ್ನಾಗಿ ಓಡ್ತಿದ್ದ ಕಡತ! ಅರ್ಧ ದಿನ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಯ್ತು. ಆ ಕಡತದ ಮೊದಲ 16 ಬೈಟು ಆಟವೇ ಅಲ್ಲ, ಒಳಗೆ ಏನೇನಿದೆ ಅಂತ ಎಮ್ಯುಲೇಟರಿಗೆ ಹೇಳೋ ಚೀಟಿ. ನನ್ನ ಕಡತ ಒಟ್ಟು 40,976 ಬೈಟು. ಮೊದಲ 16 ತೆಗೆದು ಬಿಸಾಡಬೇಕು, ನಂತರದ 32,768 ಒಂದು ಚಿಪ್ಪಿಗೆ, ಕೊನೆಯ 8,192 ಇನ್ನೊಂದಕ್ಕೆ. ನಾನು ಚೀಟಿಯನ್ನೂ ಸೇರಿಸಿ ಬರೆದಿದ್ದೆ. ಎಲ್ಲವೂ 16 ಮನೆ ಮುಂದಕ್ಕೆ ಸರಿದಿತ್ತು. ಯಂತ್ರ ಹೊತ್ತಿಕೊಂಡ ತಕ್ಷಣ, ಎಲ್ಲಿಂದ ಶುರು ಮಾಡಬೇಕು ಅನ್ನೋ ವಿಳಾಸವನ್ನ ನಿಯಮದ ಚಿಪ್ಪಿನ ಕೊನೆಯ ಆರು ಬೈಟುಗಳಲ್ಲಿ ಹುಡುಕುತ್ತೆ. ಅಲ್ಲಿ ವಿಳಾಸವೇ ಇರಲಿಲ್ಲ.

ಬೋರ್ಡು, ಬೆಸುಗೆ, ಮೌನ

ಹಳೇ ಕ್ಯಾಸೆಟ್ ಬಿಚ್ಚಿ ಅದರ ಬೋರ್ಡನ್ನೇ ಬಳಸಬಹುದು ಅಂದ್ಕೊಂಡಿದ್ದೆ. ಬಿಚ್ಚಿದ್ರೆ ಒಳಗೆ ಕಿತ್ತು ಬದಲಾಯಿಸೋಕೆ ಚಿಪ್ಪೇ ಇಲ್ಲ. ಬೋರ್ಡಿನ ಮೇಲೆ ಗಟ್ಟಿಯಾದ ಕಪ್ಪು ಅಂಟಿನ ಮುದ್ದೆ, ಎಲ್ಲ ಅದರಡಿ ಹೂತಿದೆ. ಹಾಗಾಗಿ ಹೊಸ ಬೋರ್ಡಿಗೆ ನಕ್ಷೆ ಬರೆದು ಮಾಡಿಸಿದೆ. ನೀವೂ ಮಾಡಿಸೋದಾದ್ರೆ ಮೂರು ಮಾತು ನೆನಪಿಡಿ. ಒಂದು, ಬೋರ್ಡಿನ ದಪ್ಪ 1.2 ಮಿಲಿಮೀಟರ್ ಅಂತ ಹೇಳಿ. ಸಾಮಾನ್ಯವಾಗಿ ಕೊಡೋ 1.6 ದಪ್ಪದ್ದನ್ನ ತುರುಕಿದ್ರೆ ಯಂತ್ರದ ಬಾಯಿ ಸಡಿಲ ಆಗುತ್ತೆ. ಎರಡು, ಬಳಸದ ಪಟ್ಟಿ ಅಂತ ಕಂಡದ್ದನ್ನೆಲ್ಲ ಹಾಗೇ ಬಿಡಬೇಡಿ. ಚಿತ್ರದ ಮೆಮೊರಿಯಲ್ಲಿ ಎರಡು ಪರದೆಯಷ್ಟು ಜಾಗ ಇದೆ. ಅವೆರಡು ಅಕ್ಕಪಕ್ಕವೋ ಒಂದರ ಮೇಲೊಂದೋ ಅನ್ನೋದನ್ನ ತೀರ್ಮಾನಿಸೋದು ಕಾರ್ಟ್ರಿಜ್ಜಿನ ಒಂದು ತಂತಿ. ಆ ತಂತಿ ತೂಗಾಡ್ತಿದ್ರೆ ಚಿತ್ರ ಕಲಸುಮೇಲೋಗರ. ಮೂರು, ಯಂತ್ರಕ್ಕೆ ಹಾಕೋ ಮುಂಚೆ ಮಲ್ಟಿಮೀಟರಿನಲ್ಲಿ 5 ವೋಲ್ಟಿನ ಪಟ್ಟಿಗೂ ಗ್ರೌಂಡಿಗೂ ಎಲ್ಲಾದ್ರೂ ಮುಟ್ಟಿಕೊಂಡಿದೆಯಾ ನೋಡಿ. ಒಂದು ಹನಿ ಬೆಸುಗೆ ಹೆಚ್ಚಾದ್ರೆ ಸಾಯೋದು ಕಾರ್ಟ್ರಿಜ್ ಅಲ್ಲ, ಮೂವತ್ತು ವರ್ಷ ಕಾಪಾಡಿಕೊಂಡ ಯಂತ್ರ.

ಹಬ್ಬಕ್ಕೆ ಒಂದು ವಾರ ಇರುವಾಗ ಪಟ ಮೂಡ್ತು. ಅಕ್ಕ, ತಮ್ಮ, ಕವಡೆ ಎಲ್ಲ ಬಂತು. ಸದ್ದು ಮಾತ್ರ ಇಲ್ಲ. ಕವಡೆ ಅಲುಗಿಸೋ ಸದ್ದನ್ನ ನಾನು ಇಷ್ಟಪಟ್ಟು ಮಾಡಿದ್ದೆ. ಟಿವಿ ನೋಡಿದೆ, ವೈರ್ ನೋಡಿದೆ, ನಿಯಮ ಎಲ್ಲ ಮತ್ತೆ ಓದಿದೆ. ಬೆಳಗಿನ ಜಾವ ಮೂರು ಗಂಟೆಗೆ ಸಿಕ್ತು, ಆ ಎರಡು ಪಟ್ಟಿಗಳು. ಫ್ಯಾಮಿಕಾಮಿನಲ್ಲಿ ಸದ್ದು ನೇರವಾಗಿ ಟಿವಿಗೆ ಹೋಗೋದಿಲ್ಲ. 45ನೇ ಪಟ್ಟಿಯಿಂದ ಕಾರ್ಟ್ರಿಜ್ಜಿಗೆ ಬಂದು, 46ನೇ ಪಟ್ಟಿಯಿಂದ ವಾಪಸ್ ಹೋಗುತ್ತೆ. ಯಾಕಂದ್ರೆ ಬೇಕಿದ್ದ ಕಂಪನಿ ಕಾರ್ಟ್ರಿಜ್ಜಿನಲ್ಲೇ ತನ್ನದೊಂದು ಸದ್ದಿನ ಚಿಪ್ಪಿಟ್ಟು ಅದನ್ನೂ ಬೆರೆಸಬಹುದಿತ್ತು. ಕೊನಾಮಿಯವರು ಕೆಲವು ಆಟಗಳಲ್ಲಿ ಹಾಗೆ ಮಾಡಿದ್ದಾರೆ. ಅಂಥ ಚಿಪ್ಪಿಲ್ಲದಿದ್ರೆ ಎರಡು ಪಟ್ಟಿಗಳನ್ನ ಒಂದು ತುಂಡು ತಂತಿಯಿಂದ ಸೇರಿಸಬೇಕು. ಸೇರಿಸಿದೆ. ಕವಡೆ ಗಲಗಲ ಅಂತು.

ರಾಗ ಮಾತ್ರ ಎಳೀತಿತ್ತು. ಅದಕ್ಕೆ ಕಾರಣ ನಮ್ಮ ಟಿವಿ ಪದ್ಧತಿ. ಜಪಾನಿನ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರ ಬಿಡಿಸುತ್ತೆ, ನಮ್ಮ ಪಾಲ್ ಪದ್ಧತಿಯ ಯಂತ್ರ 50. ನಾನು ಎಮ್ಯುಲೇಟರನ್ನ 60ರಲ್ಲೇ ಇಟ್ಟು, ಚಿತ್ರಗಳ ಎಣಿಕೆಯ ಮೇಲೆ ರಾಗ ಕೂರಿಸಿದ್ದೆ. ಆರಕ್ಕೆ ಐದರಂತೆ ಲೆಕ್ಕ ತಿದ್ದಿದ ಮೇಲೆ ಸರಿಹೋಯ್ತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಇದೇ ಬೋರ್ಡಿಗೆ ಮಾರಿಯೋ ಆಟವನ್ನೂ ಇಳಿಸಬಹುದಲ್ಲ, ಮಾರಬಹುದಲ್ಲ ಅಂತ ಕೇಳ್ತಾರೆ. ಆ ಆಟಗಳ ಹಕ್ಕು ಇನ್ನೂ ಅವುಗಳ ಒಡೆಯರದ್ದೇ. ಯಂತ್ರ ಹಳೇದಾದ ಮಾತ್ರಕ್ಕೆ ಆಟ ಯಾರದ್ದೋ ಆಗಿರೋದು ತಪ್ಪೋದಿಲ್ಲ. ನಾವು ಚಿಕ್ಕವರಿದ್ದಾಗ ಆಡಿದ್ದೆಲ್ಲ ನಕಲೇ, ಗೊತ್ತಿರಲಿಲ್ಲ. ಈಗ ಗೊತ್ತಿದೆ. ಚೌಕಾಬಾರ ಯಾವ ಕಂಪನಿಯದ್ದೂ ಅಲ್ಲ, ಬಿಡಿಸಿದ ಚಿತ್ರ, ಬರೆದ ನಿಯಮ ನನ್ನವು.

ಗೌರಿ ಹಬ್ಬದ ಮಧ್ಯಾಹ್ನ

ಪೂಜೆ ಮುಗೀತು, ಬಾಗಿನ ಕೊಟ್ಟಾಯ್ತು. ಟಿವಿ ಮುಂದೆ ಅಕ್ಕನನ್ನ ಕೂರಿಸಿದೆ. ಚಿಪ್ಪುಗಳಿಗೆ ಸಾಕೆಟ್ ಹಾಕಿದ್ದರಿಂದ ಹಳೇ ಕ್ಯಾಸೆಟ್ಟಿನ ಕವಚ ಮುಚ್ಚಿರಲಿಲ್ಲ, ಬೋರ್ಡು ಬರಿಮೈಯಲ್ಲೇ ನಿಂತಿತ್ತು. ಅಕ್ಕ ಏನೂ ಹೇಳದೇ ಎರಡನೇ ರಿಮೋಟನ್ನೇ ಕೈಗೆ ತಗೊಂಡ್ಲು. ಅಭ್ಯಾಸ ನೋಡಿ!

“ಶುರು ಮಾಡೋ,” ಅಂದ್ಲು.

“ನನ್ನ ಕೈಲಾಗಲ್ಲ. ನೀನೇ ಎ ಒತ್ತು.”

ನಿಯಮವನ್ನ ಹಾಗೇ ಬರೆದಿದ್ದೆ. ಒಂದನೇ ರಿಮೋಟಿನಲ್ಲಿ ಎಷ್ಟೇ ಸ್ಟಾರ್ಟ್ ಒತ್ತಿದರೂ ಏನೂ ಆಗೋದಿಲ್ಲ. ಎರಡನೇ ರಿಮೋಟಿನ ಎ ಗುಂಡಿ ಒತ್ತಿದ್ರೆ ಮಾತ್ರ ಆಟ ಶುರು, ಮೊದಲ ಸರದಿಯೂ ಅದಕ್ಕೇ. ಒತ್ತಿದ್ಲು. ಪರದೆ ಮೇಲೆ ‘ಅಕ್ಕ’ ಅಂತ ಬಂತು. ಸ್ವಲ್ಪ ಹೊತ್ತು ನೋಡಿ, “ಒತ್ತು ಚೂರು ಸೊಟ್ಟಗಿದೆ ಕಣೋ,” ಅಂದ್ಲು.

ಹತ್ತು ನಿಮಿಷ ಆಡಿರಬಹುದು, ರಿಮೋಟ್ ಕೆಳಗಿಟ್ಲು. “ಇದೇನೋ ಇದು, ಮಾತೆತ್ತಿದ್ರೆ ಚೌಕ, ಮಾತೆತ್ತಿದ್ರೆ ಬಾರ! ಅಜ್ಜಿ ಕವಡೆ ಯಾವತ್ತಾದ್ರೂ ಹೀಗೆ ಬಿದ್ದಿತ್ತಾ?”

ತಪ್ಪು ಆಗ ಹೊಳೀತು. ನಾಲ್ಕು ಕವಡೆ ಬೀಳೋಕೆ 16 ಬಗೆ ಇವೆ. ಅದರಲ್ಲಿ ಒಂದು ಬೀಳೋದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ. ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ. ಅಂದ್ರೆ ಇನ್ನೊಂದು ಸಲ ಆಡೋ ಅವಕಾಶ ಕೊಡುವ ಚೌಕ ಅಥವಾ ಬಾರ, ಸರಾಸರಿ ಎಂಟು ಸಲಕ್ಕೊಮ್ಮೆ ಬೀಳಬೇಕು. ನಾನು ಐದಕ್ಕೂ ಸಮಪಾಲು ಕೊಟ್ಟು, ಐದರಲ್ಲಿ ಎರಡು ಸಲ ಬೀಳೋ ಹಾಗೆ ಮಾಡಿದ್ದೆ. ಲೆಕ್ಕ ಬರೆದು ನೋಡದೇ, ಬರೀ ಕೈಯಳತೆಯಲ್ಲೇ ಅಕ್ಕ ಅದನ್ನ ಹಿಡಿದಿದ್ಲು.

ಚಿಪ್ಪನ್ನ ಸಾಕೆಟ್ಟಿಂದ ಕಿತ್ತೆ, ಸ್ಟಿಕ್ಕರ್ ತೆಗೆದೆ, ಬೆಳಕಿನ ಡಬ್ಬಿಗೆ ಹಾಕಿದೆ. ಆ 20 ನಿಮಿಷದಲ್ಲಿ ನಿಯಮ ತಿದ್ದಿದೆ. ಈಗ ಎಣಿಕೆಯ ನಾಲ್ಕು ಬಿಟ್ಟುಗಳು ನಾಲ್ಕು ಕವಡೆ. ಒಂದೊಂದೂ ತನ್ನ ಪಾಡಿಗೆ ಅಂಗಾತವೋ ಕವುಚಿಯೋ ಬೀಳುತ್ತೆ, ನಿಜವಾದ ಕವಡೆ ಥರಾನೇ. ಐದು ಪಾಲು ಮಾಡೋದಕ್ಕಿಂತ ಇದೇ ಚಿಕ್ಕದಾಯ್ತು. ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಕಡುಬು ತಂದಿಟ್ಟು, ಗಡಿಯಾರ ನೋಡ್ತಾ, “ಆಯ್ತೇನೋ?” ಅಂತ ಎರಡು ಸಲ ಕೇಳಿದ್ಲು. ಮೊದಲೆಲ್ಲ ನಾನು ಸಾಯೋವರೆಗೂ ಕಾಯ್ತಿದ್ಲು, ಈಗ ಚಿಪ್ಪು ಅಳಿಸೋವರೆಗೂ ಕಾಯ್ತಿದ್ದಾಳೆ ಅಂದೆ. ನಕ್ಕಳು.

ಸಂಜೆಯೊಳಗೆ ಮೂರು ಆಟ ಆಯ್ತು. ಎರಡು ಅವಳೇ ಗೆದ್ಲು. ಮೂರನೇದರಲ್ಲಿ ನನ್ನ ನಾಲ್ಕೂ ಕಾಯಿ ಹಣ್ಣಾದಾಗ, “ಇದನ್ನ ಬರೆದೋನು ನೀನೇ ತಾನೇ, ಏನೋ ಮಾಡಿರ್ತೀಯ,” ಅಂದ್ಲು. ಏನೂ ಮಾಡಿಲ್ಲ. ನಂಬಿಕೆ ಇಲ್ಲದಿದ್ರೆ 32 ಕೆಬಿ ಇದೆ, ಓದಿ ನೋಡಲಿ.

ಒತ್ತು ಇನ್ನೂ ಸೊಟ್ಟಗೇ ಇದೆ. ಅದು ಚಿತ್ರದ ಚಿಪ್ಪಿನಲ್ಲಿರೋದು, ಇನ್ನೊಂದು 20 ನಿಮಿಷದ ಕೆಲಸ. ಮುಂದಿನ ಹಬ್ಬದೊಳಗೆ ಸರಿ ಮಾಡ್ತೀನಿ.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಯಂತ್ರ ಇದ್ರೆ ಕೆಳಗಿಳಿಸಿ, ಒರೆಸಿ. ಊದೋದು ಮಾತ್ರ ಬೇಡ. ಮುಂದಿನ ವಾರ ಮತ್ತೆ ಸಿಗೋಣ.